ಇಂಗ್ಲೆಂಡಿಗೆ ಹೊರಟ ನರ್ಸ್, ಟೀಚರುಗಳಿಗೆ: 101ಕ್ಕೆ ಕರೆ ಮಾಡಬೇಕಾದವರು ನೀವೇ

ಕಳೆದ ಮಳೆಗಾಲದಲ್ಲಿ ಶಿರಸಿಯ ಮನೆಯ ಜಗಲಿಯಲ್ಲಿ ಅಣ್ಣನ ಮಗಳು ಇಂಗ್ಲೆಂಡಿಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಗೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿದವಳು, ಆಸ್ಪತ್ರೆಯಿಂದ ಬಂದ ತರಬೇತಿಯ ಹಾಳೆಯೊಂದನ್ನು ನನ್ನ ಮುಂದೆ ಹಿಡಿದಳು. "ಅತ್ತೆ, ಈ ಎಫ್‌ಜಿಎಂ ನಮ್ಮ ಕಡೆ ಇಲ್ಲವಲ್ಲ, ಇದನ್ನೂ ಓದಬೇಕೆ?"

ಓದಲೇಬೇಕು. ಶಿರಸಿಯಿಂದಲೋ ಕಾರವಾರದಿಂದಲೋ ಹೋದವರ ಮುಂದೆ ಅಲ್ಲಿ ಬಂದು ಕೂರುವುದು ನಮ್ಮ ಕಡೆಯ ಮಕ್ಕಳಷ್ಟೇ ಅಲ್ಲ. ಎಫ್‌ಜಿಎಂ ಎಂದರೆ ವೈದ್ಯಕೀಯ ಕಾರಣವಿಲ್ಲದೆ ಹೆಣ್ಣುಮಗುವಿನ ಜನನಾಂಗವನ್ನು ಕತ್ತರಿಸುವುದು, ಹೊಲಿಯುವುದು. ಈ ಪದ್ಧತಿ ಸೊಮಾಲಿಯಾ, ಸುಡಾನ್, ಈಜಿಪ್ಟ್‌ಗಳಲ್ಲಿ ವ್ಯಾಪಕ. ಭಾರತವೂ ಹೊರತಲ್ಲ. ದಾವೂದಿ ಬೋಹ್ರಾ ಸಮುದಾಯದಲ್ಲಿ ಇದಕ್ಕೆ ಖತ್ನಾ ಎನ್ನುತ್ತಾರೆ. ಅದರ ವಿರುದ್ಧ ಗಟ್ಟಿಯಾಗಿ ದನಿಯೆತ್ತಿದವರಲ್ಲಿ ಆ ಸಮುದಾಯದ ಹೆಂಗಸರೇ ಇದ್ದಾರೆ.

ಬ್ರಿಟನ್ನಿನಲ್ಲಿ ಇದು 1985ರಿಂದಲೇ ಅಪರಾಧ. ಈಗ ನಡೆಯುವುದು 2003ರ ಕಾಯ್ದೆ (ಸ್ಕಾಟ್ಲೆಂಡಿಗೆ 2005ರದು). ಶಿಕ್ಷೆ 14 ವರ್ಷದವರೆಗೆ. ಮಗುವನ್ನು ಬೇರೆ ದೇಶಕ್ಕೆ ಕರೆದೊಯ್ದು ಮಾಡಿಸಿದರೂ ಕಾನೂನು ಬಿಡುವುದಿಲ್ಲ. 16ರೊಳಗಿನ ಮಗಳನ್ನು ಕಾಪಾಡದ ಹೆತ್ತವರಿಗೆ 7 ವರ್ಷದವರೆಗೆ ಜೈಲು. ಸಂಪ್ರದಾಯ ಎಂದರೆ ನ್ಯಾಯಾಲಯ ಕೇಳುವುದಿಲ್ಲ.

ನಮ್ಮವರು ಎಡವುವುದು ಮುಂದಿನ ಮಾತಿನಲ್ಲಿ. 2015ರ ಅಕ್ಟೋಬರ್ 31ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, 18 ತುಂಬದ ಹುಡುಗಿ ತಾನಾಗಿ "ನನಗೆ ಹೀಗೆ ಮಾಡಿದ್ದಾರೆ" ಎಂದರೆ, ಅಥವಾ ಚಿಕಿತ್ಸೆಯ ವೇಳೆ ಗುರುತು ಕಂಡರೆ, ನರ್ಸ್, ವೈದ್ಯ, ಶಿಕ್ಷಕರು ಖುದ್ದಾಗಿ ಪೊಲೀಸರಿಗೆ ತಿಳಿಸಬೇಕು. ಸಂಖ್ಯೆ 101. ಸಾಮಾನ್ಯವಾಗಿ ಮರುದಿನದ ಕೆಲಸದ ಅವಧಿ ಮುಗಿಯುವುದರೊಳಗೆ. ಹಿರಿಯ ನರ್ಸಿಗೆ ಹೇಳಿ ಕೈ ತೊಳೆದುಕೊಂಡೆ ಎಂದರೆ ನಡೆಯದು; ಹೊಣೆ ನಿಮ್ಮದೇ, ತಪ್ಪಿದರೆ ನೋಂದಣಿಗೇ ಸಂಚಕಾರ. ಟೀಚರಾದವರು ಮಾತ್ರ ಯಾವ ಕಾರಣಕ್ಕೂ ಮಗುವಿನ ಮೈ ನೋಡಲು ಹೋಗಬಾರದು.

ಇನ್ನೂ ಏನೂ ನಡೆದಿಲ್ಲ, ಅನುಮಾನವಷ್ಟೇ ಎಂದರೆ? ಜುಲೈ ಕೊನೆಗೆ ಅಲ್ಲಿ ಆರು ವಾರ ಶಾಲೆಗೆ ರಜೆ. ಗಾಯ ಮಾಯಲು ಬೇಕಾದಷ್ಟು ದಿನ. "ಅಜ್ಜಿಯ ಊರಿಗೆ ಹೋಗುತ್ತೇನೆ, ಅಲ್ಲಿ ನನಗೊಂದು ವಿಶೇಷ ಕಾರ್ಯಕ್ರಮವಿದೆ" ಎಂದು ಎಂಟು ವರ್ಷದ ಹುಡುಗಿ ಹೇಳಿದರೆ ನಮ್ಮ ಕಿವಿಗೆ ಅದು ಸಿಹಿಯಾಗಿಯೇ ಕೇಳುತ್ತದೆ. ರಜೆ ಎಂದರೆ ಅಜ್ಜಿಮನೆ, ಹಲಸಿನ ಹಪ್ಪಳ, ಹೊಳೆ ಎಂದು ಬೆಳೆದವರಲ್ಲವೇ ನಾವು! ಅಲ್ಲೇ ಕಿವಿ ಚುರುಕಾಗಬೇಕು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಮಕ್ಕಳ ಸುರಕ್ಷತೆಗೆಂದೇ ನೇಮಿಸಿದ ಒಬ್ಬರಿರುತ್ತಾರೆ, ಅದೇ ದಿನ ಅವರಿಗೆ ತಿಳಿಸಿ. ವಿಮಾನ ನಾಳೆಯೇ ಇದ್ದರೆ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಕೌಟುಂಬಿಕ ನ್ಯಾಯಾಲಯ ರಕ್ಷಣಾ ಆದೇಶ ಹೊರಡಿಸಿ ಪಾಸ್‌ಪೋರ್ಟನ್ನೇ ತರಿಸಿಕೊಳ್ಳಬಹುದು, ಅರ್ಜಿಗೆ ಶುಲ್ಕವಿಲ್ಲ. ಮೊದಲು ತಾಯಿಯನ್ನು ವಿಚಾರಿಸೋಣ ಎಂದು ಮನೆಗೆ ಫೋನ್ ಮಾಡಬೇಡಿ. ಭಾಷೆ ಬಾರದಿದ್ದರೆ ನೆಂಟರನ್ನು ದುಭಾಷಿಯಾಗಿ ಕೂರಿಸಲೂಬೇಡಿ.

ಊರ ಉಸಾಬರಿ ನಮಗೇಕೆ ಎಂಬ ಮಾತನ್ನು ಅಣ್ಣ ಒಳಗಿನಿಂದ ಎಸೆದ. ಮಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಆ ಹುಡುಗಿಗೆ ನಾನು ಏನು ಹೇಳಲಿ, ಅತ್ತೆ?" ಎಂದಳು.

"ನಿನ್ನ ತಪ್ಪೇನಿಲ್ಲ, ಹೇಳಿದ್ದು ಒಳ್ಳೆಯದಾಯಿತು ಎನ್ನು. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಮಾತು ಕೊಡಬೇಡ."

ಹಾಳೆಯನ್ನು ಮಡಚಿ ಉಪ್ಪಿನಕಾಯಿಯ ಪಕ್ಕದಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.