ವರ್ಷಕ್ಕೆ 3 ಸೆಂಟಿಮೀಟರ್: ಸಲಗಾಂವ್ಕರ್ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸವನ್ನು ಗೋಡೆಗೆ ತರುವ ಬಗೆ

ಕ್ಲಬ್ಬಿನ ಮೇಲಿನ ಪ್ರೀತಿಗೆ ಮನೆಯ ಗೋಡೆಯಲ್ಲೊಂದು ಜಾಗ ಕೊಡಬೇಕು ಎಂದಾಗ ಹೆಚ್ಚಿನವರು ಲಾಂಛನದ ದೊಡ್ಡ ಫ್ಲೆಕ್ಸ್ ಪ್ರಿಂಟ್ ಮಾಡಿಸಿ ಅಂಟಿಸುತ್ತಾರೆ. ಗೋವಾದ ವಾಸ್ಕೊದಂಥ ಕಡಲೂರಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಅಂಚು ಸುರುಟಿಕೊಂಡು, ಹಿಂದೆ ಬೂಷ್ಟು ಹಿಡಿದಿರುತ್ತದೆ. ಇಲ್ಲಿ ಹೇಳುವ ಕೆಲಸ ಬೇರೆ ತರಹದ್ದು. ಒಂದು ಅಡ್ಡಪಟ್ಟಿ, ಅದರ ಮೇಲೆ ಒಂಬತ್ತು ಕಡ್ಡಿಗಳು. ಪ್ರತಿ ಕಡ್ಡಿಯೂ ಗೆದ್ದ ಒಂದು ಟ್ರೋಫಿ, ಕಡ್ಡಿಗಳ ನಡುವಿನ ಅಂತರ ಕಾದ ವರ್ಷಗಳು. ಇಡೀ ಕೆಲಸ ಗೋಡೆಗೆ ಅಂಟದೆ 12 ಮಿಲಿಮೀಟರ್ ಮುಂದೆ ನಿಲ್ಲುತ್ತದೆ, ಹಾಗಾಗಿ ಬಾಳಿಕೆ ಬರುತ್ತದೆ.

ಮೊದಲು ವರ್ಷಗಳನ್ನು ಸರಿಮಾಡಿಕೊಳ್ಳಿ. ಮರ ಕೊಯ್ದ ಮೇಲೆ ಇಸವಿ ತಪ್ಪು ಎಂದು ಗೊತ್ತಾದರೆ ಮಾಡಲು ಏನೂ ಉಳಿಯುವುದಿಲ್ಲ. ಸಲಗಾಂವ್ಕರ್ ಕ್ಲಬ್ ಹುಟ್ಟಿದ್ದು 1956ರಲ್ಲಿ, ವಾಸ್ಕೊದಲ್ಲೇ. ಫೆಡರೇಶನ್ ಕಪ್ ಗೆದ್ದದ್ದು 1988, 1989, 1997 ಮತ್ತು 2011ರಲ್ಲಿ. ಇದರಲ್ಲಿ 1988ರದ್ದು ಗೋವಾದ ಕ್ಲಬ್ಬೊಂದಕ್ಕೆ ಸಿಕ್ಕ ಮೊದಲ ಫೆಡರೇಶನ್ ಕಪ್. ಡ್ಯುರಾಂಡ್ ಕಪ್ 1999, 2003 ಮತ್ತು 2014ರಲ್ಲಿ. ರಾಷ್ಟ್ರೀಯ ಲೀಗ್ ಪ್ರಶಸ್ತಿ ಎರಡು ಸಲ: 1998–99 ಮತ್ತು 2010–11. ಲೀಗಿನ ಹೆಸರಿನಲ್ಲಿ ಎಡವುವವರು ಬಹಳ. ಐ-ಲೀಗ್ ಎಂಬ ಹೆಸರು ಬಂದದ್ದೇ 2007–08ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ನ್ಯಾಷನಲ್ ಫುಟ್‌ಬಾಲ್ ಲೀಗ್. ಆದ್ದರಿಂದ 1998–99ರ ಗೆಲುವಿಗೆ ಐ-ಲೀಗ್ ಎಂದು ಬರೆಸಬೇಡಿ. ಎರಡು ವರ್ಷಗಳ ಮೇಲೆ ಹಬ್ಬಿದ ಸೀಸನ್ನನ್ನು ಅದು ಮುಗಿದ ವರ್ಷದ ಗುರುತಿಗೆ ಹಾಕಿ, ಅಂದರೆ 1999 ಮತ್ತು 2011. ರಾಜ್ಯ ಲೀಗ್, ರೋವರ್ಸ್ ಕಪ್, ಸೂಪರ್ ಕಪ್ ಇವನ್ನೂ ಸೇರಿಸುವ ಆಸೆಯಾಗುತ್ತದೆ. ಸೇರಿಸಿದರೆ ಕಡ್ಡಿಗಳು ಒತ್ತೊತ್ತಾಗಿ ಬೇಲಿಯಂತೆ ಕಾಣುತ್ತವೆ, ಬೇಡ.

ಈಗ ಅಳತೆ. ವರ್ಷಕ್ಕೆ 3 ಸೆಂ.ಮೀ. ಅಡ್ಡಪಟ್ಟಿ 180 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಎಡ ತುದಿಯಿಂದ 3 ಸೆಂ.ಮೀ. ಬಿಟ್ಟು 1956ರ ಗುರುತು. ಉಳಿದವು ಎಡ ತುದಿಯಿಂದಲೇ ಹೀಗೆ ಬರುತ್ತವೆ:

1988 – 99 ಸೆಂ.ಮೀ.
1989 – 102
1997 – 126
1999 – 132
2003 – 144
2011 – 168
2014 – 177

ಇವು ಕಡ್ಡಿಯ ನಡುಗೆರೆಯ ಅಳತೆಗಳು. ಪ್ರತಿಯೊಂದನ್ನೂ ಎಡ ತುದಿಯ ಸೊನ್ನೆಯಿಂದಲೇ ಅಳೆಯಿರಿ, ಹಿಂದಿನ ಗುರುತಿನಿಂದ ಅಳೆಯಬೇಡಿ. ಒಂದೊಂದು ಗುರುತಿಗೆ ಅರ್ಧ ಮಿಲಿಮೀಟರ್ ತಪ್ಪಿದರೂ ಕೊನೆಗೆ ಬರುವಷ್ಟರಲ್ಲಿ ಅದು ಕೂಡಿಕೊಂಡು ಕಣ್ಣಿಗೆ ಹೊಡೆಯುತ್ತದೆ.

ಲೀಗ್ ಕಡ್ಡಿಗಳು ಅಡ್ಡಪಟ್ಟಿಯಿಂದ ಮೇಲಕ್ಕೆ 50 ಸೆಂ.ಮೀ. ಏಳಬೇಕು. ಕಪ್‌ಗಳು ಕೆಳಕ್ಕೆ: ಫೆಡರೇಶನ್ ಕಪ್ 30, ಡ್ಯುರಾಂಡ್ 20. ಮೇಲೆ–ಕೆಳಗೆ ಎಂದು ಬೇರ್ಪಡಿಸಿದ್ದಕ್ಕೆ ಕಾರಣವಿದೆ. 1999ರಲ್ಲೂ 2011ರಲ್ಲೂ ಕ್ಲಬ್ಬಿನ ಲೆಕ್ಕಕ್ಕೆ ಎರಡೆರಡು ಟ್ರೋಫಿ ಬಂದವು. ಎಲ್ಲವನ್ನೂ ಒಂದೇ ಕಡೆ ನಿಲ್ಲಿಸಿದರೆ ಒಂದರ ಮೇಲೊಂದು ಬೀಳುತ್ತವೆ. ಹೀಗೆ ಮಾಡಿದರೆ ಆ ಎರಡು ವರ್ಷಗಳಲ್ಲಿ ಉದ್ದನೆಯ ಒಂದೇ ಗೆರೆ ಮೇಲಿಂದ ಕೆಳಗಿನವರೆಗೆ ಹಾದುಹೋದಂತೆ ಕಾಣುತ್ತದೆ, ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಎಡಗಡೆ 1956ರಿಂದ 1988ರವರೆಗೆ 96 ಸೆಂ.ಮೀ. ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಹೋಗಬೇಡಿ. ಆ 32 ವರ್ಷಗಳನ್ನು ದಾಟಿ ಬಂದಾಗಲೇ ಪಕ್ಕಪಕ್ಕದಲ್ಲಿ ನಿಂತ 1988 ಮತ್ತು 1989ರ ಜೋಡಿ ಕಡ್ಡಿಗಳ ತೂಕ ತಿಳಿಯುವುದು. ಅಷ್ಟು ಜಾಗದಲ್ಲಿ ಪುಟ್ಟದಾಗಿ ‘ವಾಸ್ಕೊ’ ಎಂದು ಬರೆಸಿದರೆ ಸಾಕು. ಲಾಂಛನ ಬೇಕಿಲ್ಲ. ಮಾರಲು ಮಾಡುವುದಾದರಂತೂ ಕ್ಲಬ್ಬಿನ ಅನುಮತಿ ಇಲ್ಲದೆ ಲಾಂಛನ ಬಳಸಲೇಬಾರದು; ಹಸಿರು–ಬಿಳಿ ಬಣ್ಣವೇ ಗುರುತು ಹೇಳುತ್ತದೆ.

ಅಡ್ಡಪಟ್ಟಿಗೆ ಐಎಸ್ 710 ಮುದ್ರೆಯ 19 ಮಿ.ಮೀ. ಮರೀನ್ ಪ್ಲೈವುಡ್ ತೆಗೆದುಕೊಳ್ಳಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅಗ್ಗ, ನುಣುಪು ಎಲ್ಲ ನಿಜ. ಆದರೆ ಕೊಯ್ದ ಅಂಚು ತೇವ ಹೀರಿ ಉಬ್ಬಿದರೆ ಮತ್ತೆ ಮೊದಲಿನಂತಾಗದು. ಕಡ್ಡಿಗಳಿಗೆ ಪ್ಲೈವುಡ್ ಬೇಡ. 2 ಸೆಂ.ಮೀ. ಅಗಲಕ್ಕೆ ಸೀಳಿದ ಪ್ಲೈ ಅಂಚಿನಲ್ಲಿ ಪದರ ಬಿಡುತ್ತದೆ. 20 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಸಾಗವಾನಿ ಪಟ್ಟಿ ಮರದಂಗಡಿಯಲ್ಲಿ ಸೀಳಿಕೊಡುತ್ತಾರೆ. 6 ಅಡಿಯವು ಎರಡು ಸಾಕು. ಪ್ರತಿ ಕಡ್ಡಿಯ 3 ಸೆಂ.ಮೀ. ಅಡ್ಡಪಟ್ಟಿಯ ಮೇಲೆ ಕೂರುವುದರಿಂದ ಕೊಯ್ಯುವ ಉದ್ದ 53, 33 ಮತ್ತು 23 ಆಗುತ್ತದೆ. ಮೊದಲ ಪಟ್ಟಿಯಲ್ಲಿ 53ರ ಎರಡು, 33ರ ಎರಡು; ಎರಡನೆಯದರಲ್ಲಿ 33ರ ಎರಡು, 23ರ ಮೂರು, ಜೊತೆಗೆ 1956ರ ಗುರುತಿಗೆ 6 ಸೆಂ.ಮೀ.ನ ತುಂಡು. ಕೊಳ್ಳುವಾಗ ಪಟ್ಟಿಯ ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿ, ಬಾಗಿದ್ದನ್ನು ಅಲ್ಲೇ ಬಿಡಿ. ತಂದ ಮೇಲೆ ಮೂರು ದಿನ ಅದೇ ಕೋಣೆಯಲ್ಲಿ ಮಲಗಿಸಿಡಿ.

ಬಣ್ಣ ಹೊಡೆಯಲು ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣಹವೆ ಒಳ್ಳೆಯದು. ಆಷಾಢದಲ್ಲಿ ಹೊಡೆದ ಆಯಿಲ್ ಪೇಂಟ್ ದಿನಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಬಿಳಿ ಬಣ್ಣಕ್ಕೆ ನೀರಿನ ಎನಾಮೆಲ್ ಬಳಸಿ. ಆಯಿಲ್ ಎನಾಮೆಲ್‌ನ ಬಿಳುಪು ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಹಳದಿಗೆ ತಿರುಗುತ್ತದೆ. ಅಡ್ಡಪಟ್ಟಿ ಮತ್ತು ಲೀಗ್ ಕಡ್ಡಿಗಳಿಗೆ ಗಾಢ ಹಸಿರು. ಫೆಡರೇಶನ್ ಕಪ್ಪಿಗೆ ಬಿಳಿ, ಆದರೆ ಗೋಡೆಯೇ ಬಿಳಿಯಾಗಿದ್ದರೆ ಎಳೆ ಹಸಿರು. ಡ್ಯುರಾಂಡ್ ಕಡ್ಡಿಗಳನ್ನು ಬರೀ ವಾರ್ನಿಷ್ ಹೊಡೆದು ಸಾಗವಾನಿಯ ಬಣ್ಣದಲ್ಲೇ ಬಿಡಿ. ಒಂದು ಕೋಟ್ ಪ್ರೈಮರ್, 220 ನಂಬರಿನ ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜಿ ಎರಡು ಕೋಟ್ ಬಣ್ಣ, ಜೋಡಿಸುವ ಮೊದಲೇ, ಹಿಂಬದಿಗೂ ಅಂಚುಗಳಿಗೂ. ಹಿಂಬದಿ ಯಾರಿಗೂ ಕಾಣದು ಎಂದು ಬಿಟ್ಟರೆ ತೇವ ಒಂದೇ ಕಡೆಯಿಂದ ಒಳಹೋಗಿ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಕಡ್ಡಿ ಅಡ್ಡಪಟ್ಟಿಯ ಮೇಲೆ ಕೂರುವ ಜಾಗಕ್ಕೆ ಮಾತ್ರ ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ ಬಣ್ಣ ತಾಗದಂತೆ ನೋಡಿಕೊಳ್ಳಿ. ಬಣ್ಣದ ಮೇಲೆ ಅಂಟು ನಿಲ್ಲುವುದಿಲ್ಲ.

ಜೋಡಣೆಗೆ ನೀರು ತಡೆಯುವ ಮರದ ಅಂಟು, ಜೊತೆಗೆ ಹಿಂದಿನಿಂದ 25 ಮಿ.ಮೀ. ಸ್ಟೀಲ್ ಸ್ಕ್ರೂ, ಕಡ್ಡಿಗೆ ಎರಡು. ಒಂದೇ ಹಾಕಿದರೆ ಕಡ್ಡಿ ತಿರುಗುತ್ತದೆ. ಎರಡನ್ನೂ ಮೂಲೆಯಿಂದ ಮೂಲೆಗೆ ಬರುವಂತೆ, ಒಂದು ಕಡ್ಡಿಯ ತುದಿಯಿಂದ 10 ಮಿ.ಮೀ., ಇನ್ನೊಂದು 22 ಮಿ.ಮೀ. ದೂರದಲ್ಲಿ ಹಾಕಿ. ಮುಂಚೆ 2 ಮಿ.ಮೀ. ಬಿಟ್‌ನಿಂದ ತೂತು ಮಾಡದಿದ್ದರೆ ಸಾಗವಾನಿ ಸೀಳುತ್ತದೆ. 19ಕ್ಕೆ 10 ಸೇರಿ ದಪ್ಪ 29 ಮಿ.ಮೀ., ಆದ್ದರಿಂದ 25ರ ಸ್ಕ್ರೂ ಮುಂದೆ ಚುಚ್ಚಿ ಬರುವುದಿಲ್ಲ. ಡ್ರಿಲ್ ಬಿಟ್‌ಗೂ 25 ಮಿ.ಮೀ.ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. 1956ರ ತುಂಡನ್ನು ಅಡ್ಡಪಟ್ಟಿಯ ಅಗಲಕ್ಕೆ ಸರಿಯಾಗಿ ನಿಲ್ಲಿಸಿ, ಮೇಲೆ–ಕೆಳಗೆ ಎಲ್ಲೂ ಚಾಚುವುದು ಬೇಡ.

ಇಸವಿಗಳಿಗೆ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಯಲ್ಲಿ ಬಿಳಿ ವಿನೈಲ್ ಕತ್ತರಿಸಿಕೊಳ್ಳಿ. ಅಂಕಿಯ ಎತ್ತರ 18 ಮಿ.ಮೀ., ಜಾಗ ಅಡ್ಡಪಟ್ಟಿಯ ಮೇಲಿನ ಅರ್ಧ. ಎರಡು ತುದಿಯಲ್ಲಿ 1956, 2014 ಎಂದು ಪೂರ್ತಿ. 1956ನ್ನು ಅದರ ತುಂಡಿನ ಬಲಕ್ಕೆ ಅಂಟಿಸಿ. ನಡುವೆ 88, 89, 97, 99, 03, 11 ಎಂದಷ್ಟೇ. ಪೂರ್ತಿ ಬರೆದರೆ 1988 ಮತ್ತು 1989 ಒಂದನ್ನೊಂದು ನೂಕುತ್ತವೆ. 99 ಮತ್ತು 11ಕ್ಕೆ ಮೇಲಿನ ಅರ್ಧದಲ್ಲಿ ಲೀಗ್ ಕಡ್ಡಿ ಕೂತಿರುವುದರಿಂದ ಅಂಕಿಯನ್ನು ಅದರ ಬಲಕ್ಕೆ ಅಂಟಿಸಿ.

‘ವಾಸ್ಕೊ’ ಪದದ ವಿಷಯದಲ್ಲಿ ಎಚ್ಚರ. ಗೋವಾದ ಬಹಳಷ್ಟು ಅಂಗಡಿಗಳ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ಇದ್ದರೂ ಒತ್ತಕ್ಷರ ಒಡೆದು ‘ವಾಸ್‌ಕೊ’ ಎಂದಾಗುತ್ತದೆ. ಮನೆಯಲ್ಲೇ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಕಿಲ್ಲದ ಗೆರೆಚಿತ್ರಕ್ಕೆ, ಬದಲಿಸಿ ಪಿಡಿಎಫ್ ಮಾಡಿ ಕೊಂಡೊಯ್ಯಿರಿ. ಎತ್ತರ ಲೆಕ್ಕ ಹಾಕುವಾಗ ಸ ಕಾರದ ಕೆಳಗಿನ ಒತ್ತನ್ನೂ ಸೇರಿಸಿ: ಅಕ್ಷರ 22 ಮಿ.ಮೀ. ಇದ್ದರೆ ಒತ್ತು ಸೇರಿ 36 ಮಿ.ಮೀ. ಹತ್ತಿರ ಹೋಗುತ್ತದೆ. ಅಂಟಿಸುವಾಗ ಆ ಪುಟ್ಟ ಒತ್ತೇ ಮೊದಲು ಕಳೆದುಹೋಗುವುದು. ಟ್ರಾನ್ಸ್‌ಫರ್ ಟೇಪಿನ ಮೇಲೆ ಇಡೀ ಪದವನ್ನು ಒಟ್ಟಿಗೇ ಎತ್ತಿಕೊಡಲು ಹೇಳಿ. ವಿನೈಲ್ ಬದಲು ಸ್ಟೆನ್ಸಿಲ್‌ನಲ್ಲಿ ಬಣ್ಣ ಹೊಡೆಯುವುದಾದರೆ ‘ವ’ದ ಹೊಟ್ಟೆ, 8, 9, 0, 6ರ ಒಳಗಿನ ತುಂಡು ಉದುರಿಬೀಳುತ್ತವೆ, ಸಣ್ಣ ಸೇತುವೆ ಬಿಟ್ಟು ಕತ್ತರಿಸಬೇಕು.

ಗೋಡೆ ಆರಿಸುವುದು ಅವಸರದ ಕೆಲಸವಲ್ಲ. ಪಶ್ಚಿಮ, ನೈಋತ್ಯದ ಹೊರಗೋಡೆಗೆ ಮಳೆ ನೇರವಾಗಿ ಬಡಿಯುತ್ತದೆ. ಎರಡು ಕೋಣೆಗಳ ನಡುವಿನ ಗೋಡೆ ಒಳ್ಳೆಯದು. 30 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ತೇವ ಗೋಡೆಯೊಳಗಿದೆ, ಬೇರೆ ಗೋಡೆ ನೋಡಿ. ಹೊರಬದಿಯಲ್ಲಿ ಮಾತ್ರ ಕಂಡರೆ ಅದು ಕೋಣೆಯ ಗಾಳಿಯ ತೇವ, ಹೆದರಬೇಕಿಲ್ಲ.

ಇಲ್ಲಿನ ಹಳೆಯ ಮನೆಗಳ ಗೋಡೆ ಚಿರೆಕಲ್ಲಿನದು. ಅದಕ್ಕೆ ಡ್ರಿಲ್ಲಿನ ಹ್ಯಾಮರ್ ಹಾಕಿದರೆ ಕಲ್ಲು ಒಳಗೇ ಪುಡಿಯಾಗಿ ತೂತು ದೊಡ್ಡದಾಗುತ್ತದೆ, ಪ್ಲಗ್ ಗಿರಗಿರ ತಿರುಗುತ್ತದೆ. ಹ್ಯಾಮರ್ ಬಂದ್ ಮಾಡಿ 8 ಮಿ.ಮೀ. ಬಿಟ್‌ನಿಂದ ನಿಧಾನಕ್ಕೆ ಕೊರೆಯಿರಿ. ಪ್ಲಗ್ 50 ಮಿ.ಮೀ. ಉದ್ದದ್ದೇ ಬೇಕು, 25ರದ್ದು ಬರೀ ಗಿಲಾವಿನಲ್ಲೇ ನಿಂತು ಸಡಿಲವಾಗುತ್ತದೆ. ಕಾಂಕ್ರೀಟ್ ಕಂಬ ಸಿಕ್ಕಿದರೆ ಮಾತ್ರ ಹ್ಯಾಮರ್.

ಅಡ್ಡಪಟ್ಟಿಗೆ ಎಡದಿಂದ 30, 90, 150 ಸೆಂ.ಮೀ.ಗೆ ಮೂರು ತೂತು. ಇವು ಯಾವ ಕಡ್ಡಿಗೂ ಅಡ್ಡ ಬರುವುದಿಲ್ಲ. ವೈರಿಂಗಿನ ಪಿವಿಸಿ ಪೈಪನ್ನು 12 ಮಿ.ಮೀ. ಉದ್ದದ ಮೂರು ಬಳೆಗಳಾಗಿ ಕತ್ತರಿಸಿ, ಪಟ್ಟಿ ಮತ್ತು ಗೋಡೆಯ ನಡುವೆ ಸ್ಕ್ರೂಗೆ ತೊಡಿಸಿ. ಗಾಳಿಯಾಡಲು ದಾರಿಯಾಗುತ್ತದೆ, ಕಡ್ಡಿಗಳ ನೆರಳೂ ಗೋಡೆಯ ಮೇಲೆ ಬೀಳುತ್ತದೆ. ಸ್ಕ್ರೂ 75 ಮಿ.ಮೀ., ಸ್ಟೇನ್‌ಲೆಸ್ ಸ್ಟೀಲಿನದು. ಕಬ್ಬಿಣದ್ದಾದರೆ ಕಡಲ ಗಾಳಿಗೆ ತುಕ್ಕು ಸುರಿದು ಗೋಡೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ಸೋಫಾದ ಮೇಲೆ ಹಾಕುವುದಾದರೆ ಕೆಳಗಿನ ಕಡ್ಡಿಯ ತುದಿ ಮತ್ತು ಸೋಫಾ ಬೆನ್ನಿನ ನಡುವೆ 20 ಸೆಂ.ಮೀ. ಇರಲಿ, ಇಲ್ಲವಾದರೆ ಒರಗಿದವರ ತಲೆಗೆ ತಾಗುತ್ತದೆ.

ವಾಸ್ಕೊದ ಬಾಯ್ನಾ ಕಡೆಯ ಸಣ್ಣ ಕೋಣೆಗಳಲ್ಲಿ 180 ಸೆಂ.ಮೀ. ಕಷ್ಟ. ಆಗ ವರ್ಷಕ್ಕೆ 2 ಸೆಂ.ಮೀ. ಹಿಡಿಯಿರಿ: ಪಟ್ಟಿ 120, ಅಂಚು 2, ಇಸವಿಯಿಂದ 1956 ಕಳೆದು 2ರಿಂದ ಗುಣಿಸಿ 2 ಕೂಡಿಸಿದರೆ ಜಾಗ ಸಿಗುತ್ತದೆ. ಕಡ್ಡಿಯ ಅಗಲ 12 ಮಿ.ಮೀ.ಗೆ, ಅಂಕಿಯ ಎತ್ತರ 12 ಮಿ.ಮೀ.ಗೆ ಇಳಿಸಬೇಕು, ಗೋಡೆಯ ತೂತುಗಳೂ 20, 60, 98ಕ್ಕೆ ಸರಿಯುತ್ತವೆ.

ಗೋವಾದ ಇನ್ನೊಂದು ಕ್ಲಬ್ ಡೆಂಪೊದ ಅಭಿಮಾನಿಗಳಿಗೆ ಈ ಅಳತೆ ಹೊಂದುವುದಿಲ್ಲ. ಅವರ ಐದು ಲೀಗ್ ಪ್ರಶಸ್ತಿಗಳು 2004–05, 2006–07, 2007–08, 2009–10, 2011–12 ಎಂದು ಏಳೇ ವರ್ಷಗಳ ಅಂತರದಲ್ಲಿ ಬಂದಿವೆ. 2004ರಿಂದ ಶುರುಮಾಡಿ ವರ್ಷಕ್ಕೆ 15 ಸೆಂ.ಮೀ. ಕೊಟ್ಟರೆ ಅಂದ. ಎಫ್‌ಸಿ ಗೋವಾ ಹುಟ್ಟಿದ್ದೇ 2014ರಲ್ಲಿ. 2019ರ ಸೂಪರ್ ಕಪ್, 2019–20ರ ಇಂಡಿಯನ್ ಸೂಪರ್ ಲೀಗ್ ಶೀಲ್ಡ್, 2021ರ ಡ್ಯುರಾಂಡ್, 2025ರ ಸೂಪರ್ ಕಪ್ ಇವಕ್ಕೆ ವರ್ಷಕ್ಕೆ 10 ಸೆಂ.ಮೀ. ಸಾಕು, ಬಣ್ಣ ಕಿತ್ತಳೆ. ಯಾವ ಕ್ಲಬ್ಬಿನದಾದರೂ ಮುಂದೆ ಗೆಲ್ಲುವ ಟ್ರೋಫಿಗಳಿಗಾಗಿ ಪಟ್ಟಿಯ ಬಲಗಡೆ ಗೋಡೆಯಲ್ಲಿ ಕನಿಷ್ಠ 60 ಸೆಂ.ಮೀ. ಖಾಲಿ ಬಿಡಿ, ಮುಂದಿನ ತುಂಡನ್ನು ಅದೇ ಡಬ್ಬಿಯ ಬಣ್ಣದಲ್ಲಿ ಜೋಡಿಸಲು ಸ್ವಲ್ಪ ಬಣ್ಣವನ್ನೂ ತೆಗೆದಿಡಿ.