ತೊಟ್ಟಿಲು ಕೊಳ್ಳುವ ಮೊದಲು ಮೂಸಿ ನೋಡಿ

ಮಗಳ ಹೆರಿಗೆಗೆ ಎರಡು ತಿಂಗಳಿದ್ದಾಗ ತೊಟ್ಟಿಲು ಹುಡುಕಲು ಹೊರಟೆ. ಒಂದು ಅಂಗಡಿಯಲ್ಲಿ ತಳದ ಹಲಗೆಯ ಹತ್ತಿರ ಬಗ್ಗಿದರೆ ಕಣ್ಣು ಉರಿಯಿತು. ಅದು ಎಂಡಿಎಫ್. ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡುವ ಹಲಗೆ. ಆ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ ಹೊರಬರುತ್ತದೆ. ಎಳೆ ಕೂಸು ದಿನದ ಹೆಚ್ಚು ಹೊತ್ತು ಮಲಗಿರೋದು ಅಲ್ಲೇ ಅಲ್ವಾ?

ತೇಗ ಅಥವಾ ರಬ್ಬರ್ ಮರದ್ದು ಕೇಳಿ. ಚೌಕಟ್ಟು ಮರದ್ದಾದರೆ ಸಾಲದು, ತಳವನ್ನೂ ತಿರುಗಿಸಿ ನೋಡಿ. ಪ್ಲೈವುಡ್ ಅನಿವಾರ್ಯವಾದರೆ ಈ ಅನಿಲ ಕಡಿಮೆ ಬಿಡುತ್ತದೆ ಎಂದು ಸೂಚಿಸುವ ಇ0 ಅಥವಾ ಇ1 ಗುರುತು ಇರಲಿ.

ಹಲ್ಲು ಬರುವಾಗ ಮಗು ಕಂಬಿಯನ್ನೇ ಕಚ್ಚುತ್ತದೆ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಬಣ್ಣ ಬಳಿದ ತೊಟ್ಟಿಲು ಅಟ್ಟದಲ್ಲೇ ಇರಲಿ. ಉಪ್ಪುಕಾಗದದಿಂದ ಉಜ್ಜಲೇಬೇಡಿ, ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ನಾನು ಕೊನೆಗೆ ಬಣ್ಣವಿಲ್ಲದ ತೇಗದ ತೊಟ್ಟಿಲನ್ನೇ ಕೊಂಡೆ.

ಕಂಬಿಗಳ ಸಂದು 6 ಸೆಂಟಿಮೀಟರ್ ದಾಟಬಾರದು. ಹಾಸಿಗೆ ಗಟ್ಟಿಯಾಗಿರಲಿ, ದಿಂಬು ಬೇಡ. ಹೆರಿಗೆಗೆ ತಿಂಗಳು ಮೊದಲೇ ತಂದು, ಕಿಟಕಿ ತೆರೆದ ಕೋಣೆಯಲ್ಲಿ ಗಾಳಿಗೆ ಬಿಡಿ.