ಹಳೆಯ ಉಯಿಲು, ಪಾಲಿನ ದಾವೆಗಳಲ್ಲಿ ವಂಶವೃಕ್ಷ ಹುಡುಕುವುದು ಹೇಗೆ?

ಮನೆತನದ ಹಿರಿಯರ ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮುತ್ತಜ್ಜನವರೆಗೆ ಹೋಗಿ ನಿಲ್ಲುತ್ತಾರೆ. ಅದರಾಚೆಗೆ ದಾರಿ ತೋರಿಸುವುದು ಆಸ್ತಿಯ ಕಾಗದಗಳು. ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟು ಹತ್ತಿದ ಮನೆಯಾಗಿದ್ದರೆ ಮೂರು ನಾಲ್ಕು ತಲೆಮಾರಿನ ಹೆಸರುಗಳು ದಾಖಲೆಗೆ ಇಳಿದಿರುತ್ತವೆ. ಆ ವ್ಯಾಜ್ಯದ ಬಗ್ಗೆ ಮನೆಯವರು ಮಾತೆತ್ತಲು ಹಿಂಜರಿಯಬಹುದು. ಆದರೂ ಹಿರಿಯರನ್ನು ಕೂರಿಸಿಕೊಂಡು ಮೊದಲು ಕೇಳಬೇಕಾದದ್ದು ಅದನ್ನೇ: ಯಾರು ಯಾರ ಮೇಲೆ, ಯಾವ ಊರಿನ ಕೋರ್ಟಿನಲ್ಲಿ ದಾವೆ ಹಾಕಿದ್ದರು?

ಟ್ರಂಕಿನಿಂದ ಆರಂಭಿಸಿ

ಕ್ರಯಪತ್ರ, ಭೋಗ್ಯಪತ್ರ, ಪಾರೀಖತ್ತು (ಪಾಲುಪತ್ರ), ಕಂದಾಯದ ರಸೀತಿ ಏನೇ ಸಿಕ್ಕರೂ ಎರಡೂ ಮಗ್ಗುಲು ನೋಡಿ. ನೋಂದಣಿಯಾದ ಪತ್ರದ ಹಿಂಬದಿಯಲ್ಲಿ ಪುಸ್ತಕ, ಸಂಪುಟ, ಪುಟಗಳ ಸಂಖ್ಯೆ ಇರುತ್ತದೆ. ಕೋರ್ಟಿಗೆ ಹಾಜರುಪಡಿಸಿದ ಪತ್ರವಾದರೆ ಅದರ ಮೇಲೆ ದಾವೆಯ ಸಂಖ್ಯೆ, ಹಾಜರುಪಡಿಸಿದವರ ಹೆಸರು, ತಾರೀಖು, ನ್ಯಾಯಾಧೀಶರ ಸಹಿ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಮಾಸಿದ ಆ ಷರಾದಲ್ಲಿ ದಾವೆಯ ಸಂಖ್ಯೆಯನ್ನು ಓದಲಾದರೆ ಅರ್ಧ ಕೆಲಸ ಮುಗಿದಂತೆ.

ಸರ್ವೆ ನಂಬರು, ಗ್ರಾಮ, ಹೋಬಳಿಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ. ಮುಂದೆ ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ನೆರವಾಗುವುದು ಇವೇ.

ನಿಮ್ಮ ಊರು ಆಗ ಯಾರ ಆಳ್ವಿಕೆಯಲ್ಲಿತ್ತು?

1956ರ ಏಕೀಕರಣಕ್ಕೆ ಮುಂಚೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು. ದಕ್ಷಿಣ ಕನ್ನಡದವು ಮದ್ರಾಸಿಗೆ. ಮೈಸೂರು ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಯಿತು, 1930ರಲ್ಲಿ ಅದೇ ಹೈಕೋರ್ಟ್ ಆಯಿತು. ಕಲಬುರಗಿ, ರಾಯಚೂರು ಭಾಗ ನಿಜಾಮರದ್ದಾಗಿದ್ದರಿಂದ ಅಲ್ಲಿ ಉರ್ದು ಕಾಗದಗಳು ಎದುರಾಗುತ್ತವೆ; ಬೆಳಗಾವಿಯ ಕಡೆ ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿ. ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮೇಲ್ಮನವಿ ಹೈಕೋರ್ಟಿನವರೆಗೆ ಹೋಗಿದ್ದರೆ ತೀರ್ಪು ಆಗಿನ ಕಾನೂನು ವರದಿಗಳಲ್ಲಿ ಅಚ್ಚಾಗಿರುವ ಸಾಧ್ಯತೆಯೂ ಇದೆ.

ಉಪನೋಂದಣಾಧಿಕಾರಿ ಕಚೇರಿಯಲ್ಲಿ

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳ ಪಟ್ಟಿ) ಸಿಗುವುದು 2004ರಿಂದ ಈಚಿನ ಅವಧಿಗೆ ಮಾತ್ರ. ಹಿಂದಿನದಕ್ಕೆ ಕೈಬರಹದ ಸೂಚಿಗಳೇ ಗತಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕದಲ್ಲಿ, ಉಯಿಲುಗಳು ಮೂರನೇ ಪುಸ್ತಕದಲ್ಲಿ ದಾಖಲಾಗುತ್ತವೆ. ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೂರನೆಯದು ಹಾಗಲ್ಲ. ಉಯಿಲು ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ನಕಲು. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು. ಹುಡುಕುವುದು ಮಾತ್ರ ಅಧಿಕಾರಿಯೇ. ಮರಣದ ದಾಖಲೆ ಜೊತೆಗಿರಲಿ. ಅರ್ಜಿಯಲ್ಲಿ ಉಯಿಲು ಬರೆದವರ ಹೆಸರನ್ನು ಎಲ್ಲ ರೂಪಗಳಲ್ಲೂ ಕೊಡಿ: ಸುಬ್ಬಯ್ಯ, ಸುಬ್ಬಣ್ಣ, ಸುಬ್ರಾಯ ಒಬ್ಬರೇ ಆಗಿರಬಹುದು.

ಉಯಿಲಿನ ನೋಂದಣಿ ಕಡ್ಡಾಯವಲ್ಲ. ಆದ್ದರಿಂದ ಪುಸ್ತಕದಲ್ಲಿ ಸಿಗದಿದ್ದರೆ ಬರೆದೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ನೋಂದಣಿಯಾಗದ ಎಷ್ಟೋ ಉಯಿಲುಗಳು ಬೆಳಕಿಗೆ ಬಂದದ್ದು ದಾಯಾದಿಗಳು ಅವನ್ನು ಕೋರ್ಟಿನಲ್ಲಿ ಪ್ರಶ್ನಿಸಿದಾಗಲೇ.

ದಾವೆಯ ಕಡತ

ಇ-ಕೋರ್ಟ್ಸ್ ಜಾಲತಾಣದಲ್ಲಿ ಹಳೆಯ ಪ್ರಕರಣಗಳು ಸಿಗುವುದು ಅಪರೂಪ. ಸಂಬಂಧಪಟ್ಟ ಕೋರ್ಟಿನ ನಕಲು ವಿಭಾಗಕ್ಕೆ ದಾವೆಯ ಸಂಖ್ಯೆ, ವರ್ಷ, ಪಕ್ಷಕಾರರ ಹೆಸರು ಕೊಟ್ಟು ಅರ್ಜಿ ಹಾಕಬೇಕು. ನೀವು ಪಕ್ಷಕಾರರಲ್ಲದಿದ್ದರೆ ಏಕೆ ಬೇಕೆಂದು ಪ್ರಮಾಣಪತ್ರದಲ್ಲಿ (ಅಫಿಡವಿಟ್) ವಿವರಿಸಿ. ಎಲ್ಲ ಕಾಗದಗಳನ್ನೂ ಕಾಯಂ ಆಗಿ ಇಡುವುದಿಲ್ಲ, ಹಾಗಾಗಿ ಮೊದಲು ತೀರ್ಪು ಮತ್ತು ಡಿಕ್ರಿಯನ್ನೇ (ತೀರ್ಪಿನಂತೆ ಹೊರಡಿಸಿದ ಆದೇಶ) ಕೇಳಿ.

ಪಾಲಿನ ದಾವೆಯಲ್ಲಿ ವಾದಿ ಮೂಲಪುರುಷನಿಂದ ಹಿಡಿದು ವಂಶವೃಕ್ಷವನ್ನೇ ಬರೆದುಕೊಟ್ಟಿರುತ್ತಾನೆ. ಅದನ್ನು ಕಂಡೊಡನೆ ನಕಲು ಮಾಡಿಕೊಂಡು ಹೊರಡಬೇಡಿ. ಅದು ಒಂದು ಪಕ್ಷದ ಮಾತು. ಪಾಲು ತಪ್ಪಿಸಬೇಕೆಂದಿದ್ದವರ ಹೆಸರನ್ನು ಬಿಟ್ಟಿರಬಹುದು. ಇನ್ನೊಬ್ಬರು ಮಕ್ಕಳಿಲ್ಲದೆ ತೀರಿಕೊಂಡರೆಂದು ಬರೆದಿರಬಹುದು. ಪ್ರತಿವಾದಿಯ ತಕರಾರನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಇಬ್ಬರೂ ಒಪ್ಪಿದ ಹೆಸರುಗಳು ಗಟ್ಟಿ. ಒಪ್ಪದಿದ್ದಲ್ಲಿ ಕೋರ್ಟು ವಿವಾದಾಂಶ ರೂಪಿಸಿ ಏನು ತೀರ್ಮಾನಿಸಿತು ನೋಡಿ. ಜಗಳ ಹುಟ್ಟುವ ಮುನ್ನ ಬರೆದ ಪತ್ರದಲ್ಲಿ ಬಂದ ಸಂಬಂಧವಾಚಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇನ್ನು ಷೆಡ್ಯೂಲು, ಅಂದರೆ ದಾವೆಯಲ್ಲಿರುವ ಆಸ್ತಿಗಳ ಪಟ್ಟಿ. ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ, ನನ್ನ ಮಟ್ಟಿಗೆ ಇದೇ ಚಿನ್ನದ ಗಣಿ. ‘ಪೂರ್ವಕ್ಕೆ ಕೆಂಚಪ್ಪನ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ’ ಎಂಬ ಚೆಕ್ಕುಬಂದಿಯಲ್ಲಿ ಆ ಕೆಂಚಪ್ಪ ಯಾರು? ಹೊಲವನ್ನು ಅಣ್ಣತಮ್ಮಂದಿರು ಉದ್ದಕ್ಕೆ ಸೀಳಿಕೊಂಡಿದ್ದರೆ ಪಕ್ಕದವನು ಬಹುಮಟ್ಟಿಗೆ ದಾಯಾದಿಯೇ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ‘ರಂಗಪ್ಪ ಬಿನ್ ತಿಮ್ಮಪ್ಪ’ (ತಿಮ್ಮಪ್ಪನ ಮಗ ರಂಗಪ್ಪ) ಒಂದು ತಲೆಮಾರು ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತಾನೆ. ಸರ್ವೆ ನಂಬರು, ಚೆಕ್ಕುಬಂದಿ, ತಾರೀಖು ಮೂರೂ ಸೇರಿದರೆ ಆತ ತಾತನೋ ಮೊಮ್ಮಗನೋ ತಿಳಿಯುತ್ತದೆ. ತಾರೀಖು ಶಕವರ್ಷದಲ್ಲಿದ್ದರೆ 78, ಕಂದಾಯದ ವರ್ಷವಾದ ಫಸಲಿಯಲ್ಲಿದ್ದರೆ 590 ಕೂಡಿಸಿ. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಬರುತ್ತದೆ ಎಂಬುದು ನೆನಪಿರಲಿ: ಪ್ರಭವ 1867ರಲ್ಲೂ ಇತ್ತು, 1927ರಲ್ಲೂ ಇತ್ತು.

ದತ್ತು ಹೋದವರ ವಿಷಯದಲ್ಲಿ ಎಚ್ಚರ ಬೇಕು. ‘ಬಿನ್’ ನಂತರ ಬರುವುದು ದತ್ತು ತಂದೆಯ ಹೆಸರು, ಹೀಗಾಗಿ ಮರ ಸದ್ದಿಲ್ಲದೆ ಬೇರೊಂದು ಮನೆಗೆ ದಾಟಿಬಿಡುತ್ತದೆ. ಗಂಡ ಹೆಂಡತಿಗೆ ಕೊಟ್ಟ ದತ್ತಕದ ಅಧಿಕಾರಪತ್ರವೂ ಅದೇ ಮೂರನೇ ಪುಸ್ತಕದಲ್ಲಿ ಇರುತ್ತದೆ.

ಹೆಣ್ಣುಮಕ್ಕಳು ಎಲ್ಲಿ?

ಹಳೆಯ ಪಾಲಿನ ದಾವೆಗಳ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರೇ ಇರುವುದಿಲ್ಲ, ಏಕೆಂದರೆ ಅವರಿಗೆ ಪಾಲಿರಲಿಲ್ಲ. ಇದನ್ನು ಹಾಗೆಯೇ ಎತ್ತಿಕೊಂಡರೆ ಅರ್ಧ ಮನೆತನ ಅಳಿಸಿಹೋಗುತ್ತದೆ. ಅವರನ್ನು ಉಯಿಲಿನಲ್ಲಿ ಹುಡುಕಿ: ಮಗಳಿಗೆ ಬಿಟ್ಟ ಒಡವೆ, ವಿಧವೆ ತಂಗಿಗೆ ವರ್ಷಕ್ಕಿಷ್ಟು ಭತ್ತ, ಸೊಸೆಗೆ ಮನೆಯ ಒಂದು ಕೋಣೆ. ಜೀವನಾಂಶದ ದಾವೆಗಳಲ್ಲಿ ‘ಕೋಂ’ ಎಂದು ಗಂಡನ ಹೆಸರಿನೊಂದಿಗೆ ಸಿಗುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಬಂದ 1933ರ ನಂತರದ ದಾವೆಗಳಲ್ಲಿ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳನ್ನು ವಿಶೇಷವಾಗಿ ನೋಡಿ. ಕರಾವಳಿಯ ಅಳಿಯಸಂತಾನ ಮನೆತನಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮರ ತಾಯಿಯಿಂದ ತಾಯಿಗೆ, ಕವರು ಕವರಾಗಿ (ಒಬ್ಬ ಹೆಣ್ಣಿನ ಸಂತತಿಯ ಕವಲು) ಬೆಳೆಯುತ್ತದೆ.

ಕೊನೆಗೊಂದು ಕೆಲಸ. ದಾವೆ ಮುಗಿದ ಮೇಲೆ ಮೂಲಪತ್ರಗಳನ್ನು ಹಾಜರುಪಡಿಸಿದವರೇ ಕೋರ್ಟಿನಿಂದ ವಾಪಸು ಪಡೆಯಬಹುದು. ನಿಮಗೆ ಸಿಗದ ಪಾರೀಖತ್ತು ಎದುರು ಪಕ್ಷದ ಮೊಮ್ಮಕ್ಕಳ ಮನೆಯಲ್ಲಿರಬಹುದು. ಫೋನು ಮಾಡಿ, ನಿಮ್ಮ ಬಳಿ ಇರುವುದರ ನಕಲನ್ನು ಅವರಿಗೂ ಕೊಡುವುದಾಗಿ ಹೇಳಿ, ನಂತರ ಕೇಳಿ.